ಧರ್ಮದ ಮಂದೆ

ಬಿದಿರು ಸೀಳಲು ಎತ್ತಿದ್ದ ಮಚ್ಚನ್ನು ಊರ ಯಜಮಾನ ಶಿವಯ್ಯ ಕೈ ಅಡ್ಡ ಹಾಕಿ ನಿಲ್ಲಿಸಿದ.

"ತಡೀಲಾ. ಚಟ್ಟ ಆಮೇಕೆ ಕಟ್ಟುವಂತೆ. ಮೊದ್ಲು ಕೇಳೋದು ಕೇಳ್ಬುಡವ."

ಜಗಲಿಯ ಮೇಲೆ ಅಂಕಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ, ಹೆಗಲ ಮೇಲೆ ಅವನದೇ ಕರಿಕಂಬಳಿ. ಹಿಂದಿನ ಸಂಜೆ ಕೆರೆಯ ಕಡೆಯಿಂದ ಬಂದವನು ಒಂದು ಚೆಂಬು ನೀರು ಕುಡಿದು, "ಒಸಿ ಒರಗ್ತೀನಿ ಕಣಮ್ಮಿ" ಎಂದು ಹೆಂಡತಿಗೆ ಹೇಳಿ ಒರಗಿದ್ದ. ಅಷ್ಟೇ, ಮತ್ತೆ ಏಳಲಿಲ್ಲ. ಅಂಥ ಸಾವು ಪುಣ್ಯವಂತರಿಗೆ ಬರೋದು ಎಂದು ಬೆಳಗ್ಗೆಯಿಂದ ಬಂದವರೆಲ್ಲ ಹೇಳಿದ್ದರು. ಹೊತ್ತು ಏರಿದಂತೆ ಆ ಮಾತು ಯಾಕೋ ನಿಂತುಹೋಗಿತ್ತು.

ಹುಣಸೆಕೊಪ್ಪಲಿನಲ್ಲಿ ಒಂದು ರೂಢಿ. ಹೆಣವನ್ನು ಚಟ್ಟಕ್ಕೆ ಏರಿಸುವ ಮುನ್ನ ಊರ ಯಜಮಾನ ಸತ್ತವನ ಎದುರಿಗೇ ನಿಂತು ಕೇಳಬೇಕು, ಇವನ ಕೈಯಲ್ಲಿ ಯಾರದಾದರೂ ವಸ್ತು ಉಳಿದಿದೆಯೇ ಎಂದು. ಸಾಮಾನ್ಯವಾಗಿ ಎರವಲು ತಂದ ಗುದ್ದಲಿಯೋ ಕೊಳಗವೋ ಇರುತ್ತದೆ. ಮಗ ತಂದು ಮುಂದಿಡುತ್ತಾನೆ, ಕೆಲಸ ಮುಗಿಯುತ್ತದೆ. ಅಂಕಯ್ಯನ ಕೈಯಲ್ಲಿ ಇದ್ದದ್ದು ಇಡೀ ಊರಿನ ಮಂದೆ.

"ಪುಟ್ಟಸ್ವಾಮಿ, ಧರ್ಮದ ಮಂದೆ ಎಲ್ಲಪ್ಪ?" ಎಂದ ಶಿವಯ್ಯ.

ಅಂಕಯ್ಯನ ಒಬ್ಬನೇ ಮಗ ಪುಟ್ಟಸ್ವಾಮಿ. ಒದ್ದೆ ಪಂಚೆಯಲ್ಲಿ ನಿಂತಿದ್ದ. "ದೊಡ್ಡೀಲೈತೆ ಕಣಣ್ಣ."

"ದೊಡ್ಡೀಲಿ ನಾಕು ಮುದಿ ಕುರಿ ಅವೆ. ನಾನೀಗ ನೋಡ್ಕಂಡೇ ಬಂದೆ. ಮಿಕ್ಕವು ಎಲ್ಲಿ? ದೊಡ್ಡಿ ತುಂಬ ಇದ್ವಲ್ಲಪ್ಪ ಹೋದ ಯುಗಾದೀಲಿ!"

"ಬೇನೆ ಬಂದಿತ್ತಲ್ಲಣ್ಣ... ಸತ್ತಿರ್ಬೋದು."

"ಸತ್ರೆ ಕಿವಿ ಎಲ್ಲಿ? ಧರ್ಮದ ಕುರಿ ಸತ್ರೆ ಕುಯ್ದ ಕಿವಿ ತಂದು ನಂಗೆ ತೋರಿಸ್ಬೇಕು. ನಿಮ್ಮಪ್ಪ ಒಂದು ಕಿವೀನೂ ತರ್ಲಿಲ್ಲ."

ಹೆಂಗಸರ ಗುಂಪಿನಿಂದ ಪಕ್ಕದ ಮನೆಯ ಸಣ್ಣತಾಯಮ್ಮ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡೇ ಹೇಳಿದಳು. "ಮಳವಳ್ಳಿ ದಾರೀಲಿ ಎರಡೆರಡೇ ಕುರಿ ಹೊಡ್ಕಂಡು ಓಯ್ತಿದ್ನಂತೆ. ಸಂತೆ ದಿನ್ವೇ ಅಂತೆ."

"ಯಾರ್ ಕಂಡೋರು?" ಎಂದ ಶಿವಯ್ಯ.

"ಎಲ್ರೂ ಅಂತವ್ರೆ ಕಣಪ್ಪ. ನಾನೇನ್ ಕಂಡಿಲ್ಲ, ಸಿವ ಸಿವಾ."

ಇದೇ ಸಣ್ಣತಾಯಮ್ಮನ ಮಗಳ ಬಾಣಂತನಕ್ಕೆ ತುಪ್ಪ ಬೆಲ್ಲ ಬಂದದ್ದು ಆ ಮಂದೆಯ ಮರಿ ಮಾರಿದ ದುಡ್ಡಿನಿಂದಲೇ. ಉಂಡ ಬಾಯಿಗೆ ಮರೆವು ಬೇಗ ಬರುತ್ತದೆ, ಏನು ಮಾಡೋದು.

ಶಿವಯ್ಯ ಕೆಟ್ಟವನಲ್ಲ. ಅಂಕಯ್ಯನ ಕೈಗೆ ಮಂದೆಯ ಕೋಲು ಕೊಟ್ಟವನೇ ಅವನು. ಮಂದೆ ಹೋದರೆ ಅವನ ಮುಖಕ್ಕೂ ಮಸಿಯೇ. ಅದಕ್ಕೇ ಅವನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು.

"ನೋಡಪ್ಪ, ಮಂದೆ ಕಾಣ್ದಿದ್ರೆ ಕೆರೆ ಕೆಳಗ್ಲ ಹೊಲ ಧರ್ಮಕ್ಕೆ ಬುಟ್ಕೊಡ್ಬೇಕಾಯ್ತದೆ. ಕಟ್ಳೆ ಅದು."

ಪುಟ್ಟಸ್ವಾಮಿಯ ಮುಖ ಬಿಳುಚಿಕೊಂಡಿತು. ಆ ಹೊಲಕ್ಕೆ ಹೊಸ ನಾಲೆಯ ನೀರು ಹರಿದದ್ದೇ ಈ ವರ್ಷ. ಮೊದಲ ಭತ್ತ ತೆನೆ ಕಟ್ಟಿ ನಿಂತಿತ್ತು. ಅವನು ಅಪ್ಪನ ಮುಖ ನೋಡಿದ, ಆಮೇಲೆ ಅವ್ವನ ಮುಖ ನೋಡಿದ.

ದೇವಿರಮ್ಮ ಗಂಡನ ಕಾಲ ಬಳಿ ಕೂತಿದ್ದಳು. ಅವಳು ಇನ್ನೂ ಅತ್ತಿರಲಿಲ್ಲ. ಹೊಲ ಹೋದರೆ ಹೋಗಲಿ, ಕೂಲಿ ಮಾಡಿ ತಿನ್ನಬಹುದು. ಆದರೆ ಜೀವಮಾನವೆಲ್ಲ ಮುದ್ದೆ ಬಡಿಸಿದ್ದು ಕಳ್ಳನಿಗೋ ಒಳ್ಳೆಯವನಿಗೋ? ಅದು ತಿಳಿಯದೆ ಅವಳು ಯಾರಿಗಾಗಿ ಅಳಬೇಕು?

*

ಮಂದೆಯನ್ನು ಮೊದಲು ಕೂಡಿಸಿದವರು ಯಾರೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ. ಯಾವುದೋ ಕಾಲದಲ್ಲಿ ಮನೆಗೊಂದು ಹೆಣ್ಣುಮರಿ ಕೊಟ್ಟು, ಬಲಗಿವಿಯ ತುದಿ ಕುಯ್ದು, ಮಾರಿಗುಡಿ ಪಕ್ಕದ ದೊಡ್ಡಿಗೆ ಬಿಟ್ಟರಂತೆ. ಎಲ್ಲ ಬಂಡೂರು ಕುರಿ, ಗಿಡ್ಡ ಕಾಲು, ದುಂಡು ಮೈ. ಹುಟ್ಟಿದ ಮರಿಗಳಲ್ಲಿ ಮಂದೆಗೆ ಬೇಕಾದಷ್ಟು ಹೆಣ್ಣು ಉಳಿಸಿಕೊಂಡು ಮಿಕ್ಕದ್ದನ್ನು ಮಾರುವುದು. ಬಂದದ್ದರಲ್ಲಿ ಬಾಣಂತಿಗೆ ತುಪ್ಪ, ಗತಿಯಿಲ್ಲದವರ ಮಣ್ಣಿನ ಖರ್ಚು, ಸ್ಕೂಲಿನ ಮಾಡಿಗೆ ಹೆಂಚು. ಮರಿ ಊರಿಗೆ, ತಾಯಿ ದೊಡ್ಡಿಗೆ. ತಾಯಿ ಕುರಿಯ ಮೇಲೆ ಯಾರೂ ಕೈ ಇಡುವಂತಿಲ್ಲ.

ಶಿವಯ್ಯನ ತಮ್ಮನ ಮದುವೆಯಲ್ಲಿ ಒಮ್ಮೆ ಬೀಗರು ಹೇಳಿದ್ದಕ್ಕಿಂತ ಜಾಸ್ತಿ ಬಂದುಬಿಟ್ಟರು. ಸಾರಿಗೆ ಬಾಡು ಸಾಲದು. ಶಿವಯ್ಯ ತಾನೇ ಓಡುತ್ತ ದೊಡ್ಡಿಗೆ ಬಂದ.

"ಅಂಕ, ಒಂದೇ ಒಂದು ಕೊಡ್ಲಾ. ನಾಳೀಕೆ ನಮ್ಮನೇದು ತಂದು ಕಟ್ತೀನಿ."

ಅಂಕಯ್ಯ ದೊಡ್ಡಿಯ ಬಾಗಿಲಿಗೆ ಅಡ್ಡ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ. ಏಳಲಿಲ್ಲ.

"ಕೊಡಾಕಿಲ್ಲ ಕಣಣ್ಣ."

"ನಾನು ಯಜಮಾನ ಕಣ್ಲಾ!"

"ಅದ್ಕೇ ಕೊಡಾಕಿಲ್ಲ. ನಿಂಗೆ ಕೊಟ್ರೆ ನಾಳೆ ಯಾರ್ಗೆ ಇಲ್ಲ ಅನ್ಲಿ? ತಾಯಿ ತಿಂದ್ರೆ ಇವತ್ತು ಉಂಡಂಗಾಯ್ತದೆ. ಮರಿ ತಿಂದ್ರೆ ನಿನ್ ಮೊಮ್ಮಕ್ಕಳ ಗಂಟ ಉಂಡಂಗೆ."

"ಥೂ ನಿನ್ನ!" ಎಂದು ಉಗಿದು ಹೋದ ಶಿವಯ್ಯ. ಬೀಗರಿಗೆ ಆ ದಿನ ಅವರೆಕಾಳು ಸಾರು. ಮಾರನೆಯ ದಿನ ಅವನೇ ಮತ್ತೆ ದೊಡ್ಡಿಯ ಬಳಿಗೆ ಬಂದ, ಅಂಕಯ್ಯನ ಪಕ್ಕ ಕೂತು, ಏನೂ ಮಾತಾಡದೆ ಅವನ ಸಂಚಿಯಿಂದ ಎಲೆ ತೆಗೆದುಕೊಂಡು ಹಾಕಿಕೊಂಡ. ನಮ್ಮ ಕಡೆ ಕ್ಷಮೆ ಕೇಳೋದು ಹಾಗೆ.

*

ಈ ಸಲದ ಬೇಸಿಗೆಯಲ್ಲಿ ನಾಲೆ ಬಯಲಿನ ಊರುಗಳಲ್ಲಿ ಕುರಿಗಳಿಗೆ ಬೇನೆ ಬಂತೆಂಬ ಸುದ್ದಿ ಹಬ್ಬಿತು. ಆ ದಿನದಿಂದ ಅಂಕಯ್ಯನಿಗೆ ಊಟ ಸೇರಲಿಲ್ಲ.

"ನಾನು ಚಿಕ್ಕೋನಿದ್ದಾಗ ಬಂದಿತ್ತು ಕಣಮ್ಮಿ," ಎಂದ ಹೆಂಡತಿಗೆ. "ನಮ್ಮಪ್ಪ ಎಲ್ಲಾನೂ ಭದ್ರವಾಗಿ ದೊಡ್ಡಿಗೆ ಕೂಡಿ ಬಾಗ್ಲು ಆಕ್ದ. ಬೇನೆ ಒಳಗೇ ಇತ್ತು. ಒಂದು ವಾರ, ಪೂರ್ತಿ ದೊಡ್ಡಿ ಕಾಲಿ. ಮತ್ತೆ ಮಂದೆ ಕೂಡ್ಸೋ ಒತ್ಗೆ ನಂಗೆ ಮೀಸೆ ಬಂದಿತ್ತು. ಆ ಮಧ್ಯದಾಗೆ ಊರಲ್ಲಿ ಯಾರ್ಗೂ ಏನೂ ಸಿಗ್ಲಿಲ್ಲ."

ಆಮೇಲೆ ಅವನು ಮುಂಜಾನೆಯೇ ಕುರಿ ಹೊಡೆದುಕೊಂಡು ದೂರ ದೂರ ಹೋಗತೊಡಗಿದ. ಸಂಜೆ ಬರುವಾಗ ಮಂದೆ ಸ್ವಲ್ಪ ಸ್ವಲ್ಪವೇ ಕರಗುತ್ತ ಬಂತು. ದೇವಿರಮ್ಮನ ಕಣ್ಣಿಗೆ ಬೀಳದೆ ಇದ್ದೀತೇ?

"ಎಲ್ಲಿ ಓದ್ವು?"

"ಮೇಯಾಕೆ ಬುಟ್ಟಿವ್ನಿ."

"ಕತ್ತಲಾದ್ಮೇಲೂ ಮೇಯ್ತವಾ?"

"ನೀನು ಸುಮ್ಕಿರು," ಎಂದ. ಅವನು ಅವಳಿಗೆ ಹಾಗೆಂದದ್ದು ಅದೇ ಮೊದಲು. ಆ ದಿನದಿಂದ ಅವಳ ಎದೆಯಲ್ಲಿ ಒಂದು ಮುಳ್ಳು ಮುರಿದುಕೊಂಡು ಕೂತಿತು.

*

ಬಿಸಿಲು ನೆತ್ತಿಯಿಂದ ಇಳಿಯುತ್ತಿದ್ದಾಗ ಪುಟ್ಟಸ್ವಾಮಿ ಮುಂದೆ ಬಂದ.

"ಹೊಲ ಬುಟ್ಕೊಡ್ತೀನಣ್ಣ. ಚಟ್ಟ ಕಟ್ಸು. ಅಪ್ಪನ್ನ ಇಂಗೆ ಕುಂಡ್ರಿಸ್ಕಂಡು..."

ಶಿವಯ್ಯ ತಲೆ ತಗ್ಗಿಸಿದ. ಅವನಿಗೆ ಗೆದ್ದ ಸಂತೋಷವೇನೂ ಇರಲಿಲ್ಲ.

ಆಗ ಓಣಿಯ ಆ ತುದಿಯಲ್ಲಿ ಯಾವುದೋ ಕುರಿ 'ಬ್ಯಾ' ಅಂದಿತು. ಯಾರೂ ತಿರುಗಿ ನೋಡಲಿಲ್ಲ, ಊರೆಂದ ಮೇಲೆ ಕುರಿ ಕೂಗದೆ ಇರುತ್ತದೆಯೇ. ದೇವಿರಮ್ಮ ಮಾತ್ರ ಕತ್ತೆತ್ತಿದಳು.

ಮಂಡಿಯವರೆಗೆ ಧೂಳು ಮೆತ್ತಿಕೊಂಡ ಒಬ್ಬ ಹೆಂಗಸು ಬರುತ್ತಿದ್ದಳು, ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಒಂದು ದುಂಡನೆಯ ಕುರಿ. ಯಾರನ್ನೂ ಮಾತಾಡಿಸದೆ ನೆಟ್ಟಗೆ ಜಗಲಿಯ ಮುಂದೆ ಬಂದು, ಕುರಿಯ ತಲೆಯನ್ನು ಅಂಕಯ್ಯನ ಕಡೆ ತಿರುಗಿಸಿ ಹಿಡಿದಳು.

"ನೋಡ್ಕಳಪ್ಪ," ಎಂದಳು ಹೆಣಕ್ಕೆ. "ಚೆಂದಾಗೈತೆ. ನಿನ್ ಮಾತು ನಡ್ಸಿವ್ನಿ."

ಪುಟ್ಟಸ್ವಾಮಿ ಜಿಗಿದು ಕುರಿಯ ಬಲಗಿವಿ ಹಿಡಿದ. ತುದಿ ಕುಯ್ದಿತ್ತು.

"ಯಾವೂರವ್ವ ನಿಂದು? ಇದೆಂಗೆ ನಿನ್ ತಾವ?" ಎಂದ ಶಿವಯ್ಯ.

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬಳು. ಒಬ್ಬೊಬ್ಬರ ಕೈಯಲ್ಲೂ ಒಂದೋ ಎರಡೋ ಕುರಿ. ಮುಂಜಾನೆ ನಂಟರಿಗೆ ಸಾವಿನ ಸುದ್ದಿ ಮುಟ್ಟಿಸಲು ಹೋದವರ ಬಾಯಿಂದ ಕೇಳಿ, ಊರೂರಿನಿಂದ ಹೊರಟು ಬಂದಿದ್ದರು. ಒಬ್ಬ ಮುದುಕ ಕುರಿ ತಂದಿರಲಿಲ್ಲ. ಸೊಂಟದ ಗಂಟು ಬಿಚ್ಚಿ ಒಣಗಿದ ಒಂದು ಕಿವಿ ತೆಗೆದು ಶಿವಯ್ಯನ ಅಂಗೈಗೆ ಇಟ್ಟ.

"ನಮ್ಮೂರ್ಗೆ ಬೇನೆ ಬಂತು ಸ್ವಾಮಿ. ಉಳೀಲಿಲ್ಲ. ಕಿವಿ ಮಡಗಿದ್ದೆ." ಅವನ ಕಣ್ಣು ತುಂಬಿತ್ತು.

ಕೊನೆಗೆ ಬಂದವನು ಮದ್ದೂರು ಸೀಮೆಯ ಕೆಂಪಸಿದ್ದಯ್ಯ. ಅಂಕಯ್ಯನ ಹಳೆಯ ಗೆಣೆಕಾರ, ಇಬ್ಬರೂ ಹುಡುಗರಾಗಿದ್ದಾಗ ಒಟ್ಟಿಗೆ ಕುರಿ ಕಾದವರು. ಬಸ್ಸಿನ ಮೇಲೆ ಕುರಿ ಕಟ್ಟಿಸಿಕೊಂಡು, ತಾನೂ ಅದರ ಪಕ್ಕ ಕೂತು ಬಂದಿದ್ದ.

"ಕುರೀಗೂ ಟಿಕೀಟು ಕೇಳ್ದ ಕಣ್ಲಾ ಆ ಕಂಡಕ್ಟ್ರು!" ಎಂದು ಬೈಯುತ್ತಲೇ ಅಂಗಳಕ್ಕೆ ಕಾಲಿಟ್ಟವನು ಗೆಳೆಯನ ಮುಖ ಕಂಡು ಗಕ್ಕನೆ ನಿಂತ. ಆಮೇಲೆ ಎಲ್ಲ ಹೇಳಿದ.

ಬೇನೆಯ ಸುದ್ದಿ ಬಂದಾಗ ಅಂಕಯ್ಯ ನಂಬಿಕಸ್ತರ ಮನೆ ಹುಡುಕಿಕೊಂಡು ಸುತ್ತಿದ್ದ. ಒಂದೊಂದು ಊರಿಗೆ ಒಂದೋ ಎರಡೋ ತಾಯಿ ಕುರಿ. ಮೊದಲ ಮರಿ ಸಾಕಿದವರಿಗೆ, ಮುಂದಿನದು ಧರ್ಮಕ್ಕೆ. ಒಂದೂರಿಗೆ ಬೇನೆ ಬಂದರೆ ಇನ್ನೊಂದೂರಲ್ಲಿ ಉಳಿಯಲಿ ಎಂದು.

"ಕುರಿ ಕೊಡೋವಾಗ ಎಲ್ರಿಗೂ ಒಂದೇ ಮಾತು ಅಂದವ್ನೆ. 'ನಾನು ಸತ್ತ ಸುದ್ದಿ ಬಂದ್ರೆ ಇಡ್ಕಂಡು ಬಾ. ಮಣ್ಣಿಗಿಂತ ಮುಂಚೆ ಬಾ.' ಅಂತ."

"ನಂಗ್ಯಾಕೆ ಏಳ್ಲಿಲ್ಲ?" ಎಂದ ಶಿವಯ್ಯ.

"ಧರ್ಮದ ಮಂದೆ ಊರ ಗಡಿ ದಾಟಬಾರ್ದು ಅಂತ ನಿಮ್ ಕಟ್ಳೆಯಂತಲ್ಲ. ಕೇಳಿದ್ರೆ ಬುಡ್ತಿದ್ಯಾ?"

ಶಿವಯ್ಯ ಅಂಗೈಯಲ್ಲಿದ್ದ ಒಣ ಕಿವಿಯನ್ನು ನೋಡಿದ. "ಬುಡ್ತಿರ್ಲಿಲ್ಲ ಕಣಪ್ಪ. ನಿಜ."

"ನಂಗಾದ್ರೂ ಏಳ್ಬೋದಿತ್ತಲ್ಲ!" ದೇವಿರಮ್ಮ ಎದ್ದು ನಿಂತಿದ್ದಳು.

"ನಾನೂ ಅದ್ನೇ ಕೇಳ್ದೆ ಕಣವ್ವ. 'ಅವಳ್ಗೆ ಏಳಿದ್ರೆ ಊರೋರು ಕೇಳ್ದಾಗ ಸುಳ್ಳು ಏಳ್ಬೇಕಾಯ್ತದೆ. ಅವಳ್ಗೆ ಸುಳ್ಳು ಬರಾಕಿಲ್ಲ. ಬೇನೆ ಪೂರ್ತಿ ನಿಂತ್ಮೇಲೆ ಎಲ್ಲಾನೂ ಹೊಡ್ಕಂಬಂದು ಒಟ್ಗೇ ತೋರಿಸ್ತೀನಿ' ಅಂದ. ಮಳೆ ನಿಲ್ಲಲಿ ಅಂತ ಕಾಯ್ತಿದ್ದ."

ದೇವಿರಮ್ಮ ಗಂಡನ ಕಡೆ ತಿರುಗಿದಳು.

"ಅಯ್ಯೋ ನಿನ್ ಬಾಯಿಗೆ ಮಣ್ಣಾಕ! ನಾನು ಏನೇನ್ ಅಂದ್ಕಂಡ್ನಲ್ಲೋ! ನಿನ್ನ ಎಂತೋನು ಅಂತ ಅಂದ್ಕಂಡ್ನಲ್ಲೋ, ನನ್ ದೊರೆಯೇ!"

ಎದೆಯ ಮೇಲೆ ಗುದ್ದಿಕೊಂಡು ಅತ್ತಳು. ಬೆಳಗ್ಗೆಯಿಂದ ಕಟ್ಟಿದ್ದ ಅಳುವೆಲ್ಲ ಹರಿದು ಬಂತು. ಸತ್ತವರನ್ನು ಬೈಯಬಾರದು ಅಂತಾರೆ. ನಮ್ಮ ಕಡೆ ಬೈಯದಿದ್ದರೆ ಪ್ರೀತಿಯೇ ಇರಲಿಲ್ಲ ಅಂತ ಲೆಕ್ಕ. ಸಣ್ಣತಾಯಮ್ಮ ಓಡಿ ಬಂದು ತಬ್ಬಿಕೊಂಡು ಅವಳಿಗಿಂತ ಗಟ್ಟಿಯಾಗಿ ಅತ್ತಳು. ಪುಟ್ಟಸ್ವಾಮಿ ಅಂಗಳದಲ್ಲೇ ಕುಸಿದು ಕೂತು, ಅಳುತ್ತಾ ನಗುತ್ತಾ ಕುರಿಗಳ ಕಿವಿ ಒಂದೊಂದಾಗಿ ಸವರಿದ. ಇಡೀ ಓಣಿಯೇ ಉಸಿರು ಬಿಟ್ಟಂತಾಯಿತು. ಯಾರೋ ಬಂದವರಿಗೆ ನೀರು ತಂದರು, ಯಾರೋ ಕುರಿಗಳಿಗೆ ಹುಲ್ಲು ತಂದರು.

ಈ ಗಲಾಟೆಯಲ್ಲಿ ಮದ್ದೂರಿನ ಕುರಿ ಜಗಲಿಗೆ ಮುಂಗಾಲು ಕೊಟ್ಟು, ಅಂಕಯ್ಯನ ಕೊರಳ ಹಾರದಿಂದ ಒಂದು ಚೆಂಡುಹೂವು ಕಿತ್ತು ಮೆಲ್ಲತೊಡಗಿತು. ಒಬ್ಬ ಹೈದ ಕೋಲೆತ್ತಿದ.

"ತಿನ್ಲಿ ಬುಡ್ಲಾ," ಎಂದ ಶಿವಯ್ಯ. ಆಮೇಲೆ, "ಹೂಂ, ಎಲ್ಲಾನೂ ದೊಡ್ಡಿಗೆ ಕೂಡ್ರಪ್ಪ. ಚಟ್ಟ ಕಟ್ಟವ," ಎಂದ.

"ಬ್ಯಾಡ."

ದೇವಿರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಗಂಡನ ಪಕ್ಕದಲ್ಲಿ ಒರಗಿಸಿದ್ದ ಮಂದೆಯ ಕೋಲು ಎತ್ತಿಕೊಂಡಳು.

"ಒಂದೇ ದೊಡ್ಡೀಗೆ ಕೂಡಬ್ಯಾಡಿ. ಬಂದೋರ ಕೈಲೇ ವಾಪಸ್ ಓಗ್ಲಿ. ಆ ಮುದುಕಪ್ಪಂಗೆ ನಮ್ಮ ನಾಕ್ರಲ್ಲಿ ಒಂದು ಕೊಟ್ಕಳ್ಸಿ. ಬರಿಗೈಲಿ ಓಗೋದು ಬ್ಯಾಡ."

ಹೆಂಗಸಿನ ಕೈಗೆ ಕೋಲು ಹೋದದ್ದು ಊರಲ್ಲಿ ಅದೇ ಮೊದಲು. ಎಲ್ಲರೂ ಶಿವಯ್ಯನ ಬಾಯಿ ನೋಡಿದರು. ಅವನು ಟವೆಲನ್ನು ಹೆಗಲಿಂದ ಸೊಂಟಕ್ಕೆ ಇಳಿಸಿ ಸುತ್ತಿಕೊಂಡ.

"ನಂಗೂ ಒಂದು ಕೊಡವ್ವ. ನಮ್ಮನೇಲೂ ಇರ್ಲಿ."

ದೇವಿರಮ್ಮ ತಾನೇ ದೊಡ್ಡಿಗೆ ಹೋಗಿ ಒಂದು ಕುರಿ ಹಿಡಿದು ತಂದು ಅವನ ಕೈಗೆ ಹಗ್ಗ ಕೊಟ್ಟಳು. ಬಿಡುವ ಮುನ್ನ ಹಗ್ಗವನ್ನು ಒಮ್ಮೆ ಬಿಗಿಯಾಗಿ ಹಿಡಿದಳು.

"ನಾನು ಸತ್ತ ಸುದ್ದಿ ಬಂದ್ರೆ ಇಡ್ಕಂಡು ಬಾ, ಯಜಮಾನಪ್ಪ. ಮಣ್ಣಿಗಿಂತ ಮುಂಚೆ ಬಾ."

"ಬತ್ತೀನಿ ಕಣವ್ವ."

ಹೊತ್ತು ಮುಳುಗುವ ಮುಂಚೆ ಅಂಕಯ್ಯನ ಚಟ್ಟ ಎದ್ದಿತು. ಮುಂದೆ ಪುಟ್ಟಸ್ವಾಮಿ ಬೆಂಕಿಯ ಮಡಕೆ ಹಿಡಿದು ನಡೆದ. ಹಿಂದಿನ ಬಿದಿರಿಗೆ ಹೆಗಲು ಕೊಟ್ಟವನು ಶಿವಯ್ಯ. ಒಂದು ಕೈ ಚಟ್ಟದ ಮೇಲಿತ್ತು, ಇನ್ನೊಂದು ಕೈಯಲ್ಲಿ ಹಗ್ಗ. ಅವನ ಪಕ್ಕದಲ್ಲಿ ಮುದಿ ಕುರಿ, ದಾರಿಯುದ್ದಕ್ಕೂ ಉದುರಿದ ಚೆಂಡುಹೂವನ್ನು ಒಂದೊಂದಾಗಿ ಆಯ್ದು ತಿನ್ನುತ್ತ, ಎಲ್ಲರನ್ನೂ ನಿಧಾನ ಮಾಡಿಸಿತು.