ಗೆರೆ ಮೀರಿದ ಮದ್ದು

ಕಳ್ಳತನ ಆದರೆ ಸಾಮಾನು ಕಡಿಮೆಯಾಗಬೇಕು, ಅದು ಲೋಕದ ನ್ಯಾಯ. ಡೆಲ್ಮಾರನ ಬಂದೂಕಿನ ಮದ್ದಿನ ಡಬ್ಬಿಯಲ್ಲಿ ಜಾಸ್ತಿಯಾಗಿತ್ತು.

ಶುಕ್ರವಾರ ಬೆಳಗ್ಗೆ ಹಿತ್ತಲ ಶೆಡ್ಡಿನ ಕಿಟಕಿಗೆ ಆ ದೊಡ್ಡ ಬಿಳಿ ಡಬ್ಬಿಯನ್ನು ಎತ್ತಿ ಹಿಡಿದು ನೋಡಿದ. ಬೆಳಕಿಗೆ ಹಿಡಿದರೆ ಒಳಗಿನ ಮದ್ದಿನ ಮಟ್ಟ ಪ್ಲಾಸ್ಟಿಕ್ಕಿನಾಚೆ ಕಪ್ಪಗೆ ಕಾಣುತ್ತದೆ. ಖಾಲಿ ಹಿತ್ತಾಳೆ ಕೊಳವೆಗೆ ಮದ್ದು ಹಾಕಿ ತೋಟಾ ತುಂಬಿ ಮುಗಿಸಿದಾಗಲೆಲ್ಲ ಆ ಮಟ್ಟಕ್ಕೆ ಸರಿಯಾಗಿ ಹೊರಗಡೆ ಒಂದು ಚೂರು ಟೇಪು ಅಂಟಿಸುವುದು ಅವನ ಪದ್ಧತಿ. ಬುಧವಾರ ಗೆಳೆಯ ಓರಿನ್ ಬಂದು, ಕೇಳಿಯೇ, ಇದೇ ಡಬ್ಬಿಯಿಂದ ತನ್ನ ರೈಫಲ್ಲಿಗೆ ಒಂದು ಪೆಟ್ಟಿಗೆ ತೋಟಾ ತುಂಬಿಕೊಂಡು ಹೋಗಿದ್ದ. ಅಂದ ಮೇಲೆ ಮಟ್ಟ ಟೇಪಿಗಿಂತ ಕೆಳಗೆ ಇಳಿದಿರಬೇಕು. ಅದು ಒಂದು ಬೆರಳು ಮೇಲೆ ಏರಿ ಕೂತಿತ್ತು.

ಡೆಲ್ಮಾರ್ ಅಂಗೈಗೆ ಒಂದಿಷ್ಟು ಸುರಿದುಕೊಂಡು ನೋಡಿದ, ಮೂಸಿದ. ಬೂದು ಬಣ್ಣ, ಸಣ್ಣ ಕಾಳು. ರೈಫಲ್ಲಿನ ಮದ್ದೂ ಹಾಗೇ ಇರುತ್ತದೆ, ಪಿಸ್ತೂಲಿನ ಮದ್ದೂ ಹಾಗೇ ಇರುತ್ತದೆ, ಮುದಿ ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ನಿಧಾನಕ್ಕೆ ಉರಿಯುವಂಥದ್ದು, ಇನ್ನೊಂದು ಭಗ್ಗನೆ ಹತ್ತಿಕೊಳ್ಳುವಂಥದ್ದು. ಪಿಸ್ತೂಲಿನ ಮದ್ದನ್ನು ರೈಫಲ್ಲಿನ ತೋಟಾಕ್ಕೆ ಅಳತೆ ತುಂಬ ಸುರಿದು ಬಂದೂಕಿನ ಕುದುರೆ ಎಳೆದರೆ ಗುಂಡು ಮುಂದೆ ಹೋಗುವ ಮೊದಲು ಬಂದೂಕೇ ಒಡೆಯುತ್ತದೆ. ಹೊಡೆಯುವವನ ಕೆನ್ನೆ ಇರುವುದು ಅದರ ಪಕ್ಕದಲ್ಲೇ.

ಯಾರು ಹಾಕಿದರು? ಅದಕ್ಕಿಂತ, ಯಾಕೆ ಹಾಕಿದರು?

ಆ ವರ್ಷ ಮೊಂಟಾನಾದ ಯಾವ ಅಂಗಡಿಗೆ ಹೋದರೂ ಮದ್ದಿನ ಕಪಾಟು ಖಾಲಿ. ಡೆಲ್ಮಾರನ ಹತ್ತಿರ ದೊಡ್ಡ ಡಬ್ಬಿಗಳಿವೆ ಅನ್ನುವುದು ಊರಿಗೆಲ್ಲ ಗೊತ್ತು. ತಿಂಗಳ ಹಿಂದೆ ಓರಿನ್ ತನ್ನ ಅಳಿಯನಿಗೆ ಅಂತ ಅರ್ಧ ಡಬ್ಬಿ ಕೇಳಿದ್ದ, ಇವನು ಕೊಡಲಿಲ್ಲ. "ಇರ್ಲಿ ಬಿಡಯ್ಯ, ಸತ್ತಾಗ ನಿನ್ ಜೊತೆಗೇ ಹೂಳಿಸ್ತೀನಿ" ಅಂತ ಓರಿನ್ ನಕ್ಕಿದ್ದ. ಈಗ ಆ ನಗು ಬೇರೆ ಥರ ಕೇಳಿಸತೊಡಗಿತು. ಶೆಡ್ಡಿನ ಇನ್ನೊಂದು ಕೀಲಿ ಇರುವುದು ಓರಿನ್ ಹತ್ತಿರ. ಇಬ್ಬರೂ ಮೀಸೆ ಬಂದಾಗಿನಿಂದ ಒಂದೇ ಮೇಜಿನಲ್ಲಿ ತೋಟಾ ತುಂಬಿದವರು. ಮೊದಲು ತನ್ನ ತೋಟಾ ತುಂಬಿಕೊಂಡಿರುತ್ತಾನೆ, ಆಮೇಲೆ ಅಳಿಯನಿಗೆ ಬೇಕಾದಷ್ಟು ತೋಡಿಕೊಂಡಿರುತ್ತಾನೆ, ಮಟ್ಟ ತೋರಬಾರದು ಅಂತ ಮನೆಯಲ್ಲಿದ್ದ ಯಾವುದೋ ಮದ್ದು ತಂದು ಸುರಿದಿರುತ್ತಾನೆ, ಸುರಿಯುವಾಗ ಕೈ ತಪ್ಪಿ ಜಾಸ್ತಿಯಾಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಅನುಮಾನಕ್ಕೆ ಕಾಲು ಕೊಟ್ಟರೆ ಸಾಕು, ದಾರಿ ಅದೇ ಹುಡುಕಿಕೊಳ್ಳುತ್ತದೆ.

ಹೆಂಡತಿ ಆರ್ಡಿಸ್‌ಗೆ ಹೇಳಲಿಲ್ಲ. ಅವಳು ಓರಿನ್ನನ ಹೆಂಡತಿ ಜೊತೆ ಚರ್ಚಿನ ಅಡುಗೆಮನೆಯಲ್ಲಿ ನಿಲ್ಲುವವಳು. ಇಲ್ಲಿ ಬಾಯಿ ಬಿಟ್ಟರೆ ಅಲ್ಲಿ ಸಾರು ಕುದಿಯುತ್ತದೆ. ಸುಮ್ಮನೆ ಪೇಟೆಗೆ ಹೋಗಿ ಹೊಸ ಬೀಗ ತಂದು ಶೆಡ್ಡಿನೊಳಗಿನ ಮದ್ದಿನ ಕಪಾಟಿಗೆ ಹಾಕಿದ. ಕಪಾಟು ಅವನೇ ಮಾಡಿದ್ದು, ದಪ್ಪ ಪ್ಲೈವುಡ್ಡಿನದು. ಹಿಂದಿನ ಹಲಗೆಗೆ ಬೇಕೆಂದೇ ಸಣ್ಣ ಮೊಳೆ. ಮದ್ದನ್ನು ಕಬ್ಬಿಣದ ತಿಜೋರಿಯಲ್ಲಿ ಇಟ್ಟವನು ಬಾಂಬ್ ಇಟ್ಟ ಹಾಗೆ. ಬೆಂಕಿ ಬಿದ್ದರೆ ಹಲಗೆ ಕಿತ್ತು ಉರಿ ಆಚೆ ಹೋಗಬೇಕು ಅನ್ನುವುದು ಅವನ ವಾದ. ಈ ಮನೆಯಲ್ಲಿ ಮದ್ದಿನ ವಿಷಯಕ್ಕೆ ಮಾತ್ರ ಬೈಬಲ್ಲಿಗಿಂತ ಹೆಚ್ಚು ಕಟ್ಟಳೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಕೆಲಸ ಮುಗಿದ ಮೇಲೆ ಮದ್ದು ಅಳೆದು ಹಾಕುವ ಯಂತ್ರದ ಮೇಲಿನ ಗಾಜಿನಲ್ಲಿ ಒಂದು ಕಾಳೂ ಉಳಿಯಬಾರದು.

ಮಧ್ಯಾಹ್ನ ಓರಿನ್ ಸೇಬಿನ ಪೈ ಹಿಡಿದುಕೊಂಡು ಶೆಡ್ಡಿಗೇ ಬಂದ. ಬಂದವನ ಕಣ್ಣು ಮೊದಲು ಹೋದದ್ದು ಕಪಾಟಿಗೆ.

"ಇದೇನೋ ಹೊಸ ಬೀಗ?"

"ಇಲಿ ಕಾಟ" ಅಂದ ಡೆಲ್ಮಾರ್.

"ನಿಮ್ ಮನೆ ಇಲಿ ಬೀಗ ತೆಗೆಯೋಷ್ಟು ಓದಿದ್ಯಾ?"

"ಕೆಲವು ಇಲಿ ಹತ್ರ ಕೀಲಿನೂ ಇರತ್ತೆ."

ಓರಿನ್ ನಕ್ಕ. ಆದರೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಅಂತ ಡೆಲ್ಮಾರ್ ಒಳಗೊಳಗೇ ಹಲ್ಲು ಕಡಿದ. ಪಾಪ, ಆ ಕಾಫಿ ಆರಿ ತಣ್ಣಗಾಗಿತ್ತು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಕಾಮಾಲೆ ಕಣ್ಣು.

ಹೋಗುವಾಗ ಓರಿನ್ ಬಾಗಿಲಲ್ಲಿ ನಿಂತು ಹೇಳಿದ: "ನಾಳೆ ಗುರಿ ನೋಡೋಕೆ ಹಳ್ಳದ ಹತ್ರ ಹೋಗೋಣ. ಭಾನುವಾರ ಎಲ್ಕ್ ಜಿಂಕೆ ಬೇಟೆ ಶುರುವಾಗತ್ತೆ, ನನ್ ತೋಟಾ ಇನ್ನೂ ಒಂದೂ ಹೊಡೆದು ನೋಡಿಲ್ಲ."

ಡೆಲ್ಮಾರನಿಗೆ ಆಗಲೇ ಉಪಾಯ ಹೊಳೆದದ್ದು. ಅವನು ಹೋದ ಮೇಲೆ ಒಂದು ಹಳೆಯ ತೋಟಾದ ಖಾಲಿ ಹಿತ್ತಾಳೆ ಕೊಳವೆ ತೆಗೆದುಕೊಂಡ. ಅದರ ಬುಡದಲ್ಲಿ ಕಿಡಿ ಹಚ್ಚುವ ಕೇಪು ಆಗಲೇ ಸಿಡಿದು ಸತ್ತದ್ದು. ಒಳಗೆ ಒಂದು ಕಾಳು ಮದ್ದೂ ಹಾಕದೆ ಮೇಲೆ ಗುಂಡು ಕೂರಿಸಿ ಒರೆಸಿ ಹೊಳೆಯುವ ಹಾಗೆ ಮಾಡಿದ. ಇದನ್ನು ದೊಡ್ಡ ಡಬ್ಬಿಯ ಮದ್ದಿನಿಂದ ತುಂಬಿದ್ದು ಅಂತ ಹೇಳಿ ಓರಿನ್ ಕೈಗೆ ಕೊಡಬೇಕು. ಆ ಡಬ್ಬಿಗೆ ಏನು ಬೆರೆಸಿದ್ದೇನೆ ಅಂತ ಗೊತ್ತಿರುವವನು ಸತ್ತರೂ ಇದನ್ನು ಬಂದೂಕಿಗೆ ಹಾಕುವುದಿಲ್ಲ, ಏನಾದರೂ ನೆವ ಹೇಳುತ್ತಾನೆ. ಯಾರಿಗೂ ಅಪಾಯವಿಲ್ಲ, ಕಳ್ಳನೂ ಸಿಗುತ್ತಾನೆ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಒಂದು ತುಂಡು ಪೈ ಜಾಸ್ತಿ ತಿಂದ.

ಶನಿವಾರ ಹಳ್ಳದ ಬಳಿ ಗಾಳಿ ಮುಖಕ್ಕೆ ರಾಚುತ್ತಿತ್ತು. ಓರಿನ್ ಪಿಕಪ್ಪಿನ ಹಿಂಬದಿಯ ಹಲಗೆ ಇಳಿಸಿ ಮೇಲೆ ಮರಳಿನ ಚೀಲ ಇಟ್ಟ, ಅದರ ಮೇಲೆ ರೈಫಲ್ಲು. ಪಕ್ಕದಲ್ಲಿ ಬುಧವಾರ ತುಂಬಿದ ತೋಟಾದ ಪೆಟ್ಟಿಗೆ.

"ಮೊದಲು ಇದು ಹೊಡಿ" ಅಂತ ಡೆಲ್ಮಾರ್ ಜೇಬಿನಿಂದ ತೆಗೆದುಕೊಟ್ಟ. "ಇವತ್ತು ಬೆಳಗ್ಗೆ ತುಂಬಿದ್ದು. ದೊಡ್ಡ ಡಬ್ಬಿದೇ ಮದ್ದು."

ಹೇಳಿ ಅವನ ಮುಖವನ್ನೇ ನೋಡುತ್ತ ನಿಂತ. ಹುಬ್ಬು ಅಲುಗುತ್ತದಾ, ತುಟಿ ಒಣಗುತ್ತದಾ ಅಂತ.

"ನಿನ್ ಕೈಯಿಂದ ಒಂದು ತೋಟಾ ಬಿಟ್ಟಿ ಬಂತು ಅಂದ್ರೆ ಇವತ್ತು ಹಿಮ ಬೀಳತ್ತೆ" ಅಂದ ಓರಿನ್. ತೋಟಾದ ಬುಡವನ್ನೂ ನೋಡದೆ ಒಳಗೆ ತಳ್ಳಿ, ಕೆನ್ನೆ ಆನಿಸಿ, ಉಸಿರು ಹಿಡಿದು ಕುದುರೆ ಎಳೆದ. ಟಕ್ ಅಂತಷ್ಟೇ ಸದ್ದಾಯಿತು.

ಹತ್ತದ ತೋಟಾವನ್ನು ಕೂಡಲೇ ತೆಗೆಯಬಾರದು, ತಡವಾಗಿ ಹತ್ತಿಕೊಂಡೀತು. ಓರಿನ್ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕಾಯುತ್ತ ನಿಂತ. ಡೆಲ್ಮಾರನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇವನಲ್ಲ. ದೇವರೇ, ಇವನಲ್ಲ. ಇಂಥ ಗೆಳೆಯನ ಮೇಲೆ ಅನುಮಾನ ಪಟ್ಟೆನಲ್ಲ ಅಂತ ನಾಚಿಕೆಯಾಗಿ ಕಣ್ಣು ಮಂಜಾಯಿತು. ಓರಿನ್ ರೈಫಲ್ಲಿನ ಬೋಲ್ಟು ಎಳೆದ ಕೂಡಲೇ ಕೆಳಗೆ ಬಿದ್ದ ಸುಳ್ಳು ತೋಟಾವನ್ನು ಡೆಲ್ಮಾರ್ ಬಗ್ಗಿ ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

"ವಯಸ್ಸಾಯ್ತು ಕಣೋ ನಿನಗೆ. ನನ್ನದು ನೋಡು ಈಗ" ಅಂತ ಓರಿನ್ ತನ್ನ ಪೆಟ್ಟಿಗೆಯಿಂದ ಒಂದು ತೋಟಾ ತೆಗೆದು ಒಳಗೆ ತಳ್ಳಿ ಬೋಲ್ಟು ಮುಚ್ಚಿದ. ಕೆನ್ನೆ ಆನಿಸಿದ.

ಆಗ ಡೆಲ್ಮಾರನ ತಲೆಯೊಳಗೆ ಲೆಕ್ಕ ತಿರುಗಿ ಬಿತ್ತು. ಓರಿನ್ ಕಳ್ಳನಾಗಿದ್ದರೆ ಅವನ ತೋಟಾದಲ್ಲಿ ಒಳ್ಳೆಯ ಮದ್ದಿರುತ್ತಿತ್ತು, ಬೆರಕೆ ಆದದ್ದು ಆಮೇಲೆ. ಅವನು ಕಳ್ಳನಲ್ಲದಿದ್ದರೆ? ಬೆರಕೆ ಬುಧವಾರಕ್ಕೆ ಮೊದಲೇ ಆಗಿರಬಹುದು. ಡಬ್ಬಿಯ ಮೇಲ್ಪದರದಲ್ಲಿದ್ದ ಆ ಪಿಸ್ತೂಲಿನ ಮದ್ದನ್ನೇ ಓರಿನ್ ಅಳೆದು ಅಳೆದು ಪೆಟ್ಟಿಗೆ ತುಂಬ ತುಂಬಿಕೊಂಡಿದ್ದಾನೆ.

ಡೆಲ್ಮಾರ್ ಹಾರಿ ಹೋಗಿ ಓರಿನ್ನನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುದುರೆಯಿಂದ ಕಿತ್ತ. ಇಬ್ಬರೂ ಹಲಗೆಗೆ ಬಡಿದುಕೊಂಡರು.

"ಹುಚ್ಚು ಹಿಡೀತೇನೋ ನಿಂಗೆ?"

"ತೆಗಿ. ಅದನ್ನ ತೆಗಿ ಮೊದಲು."

ಓರಿನ್ ಅವನ ಮುಖ ನೋಡಿ ಮರುಮಾತಾಡದೆ ಬೋಲ್ಟು ಎಳೆದು ತೋಟಾ ತೆಗೆದ.

ಡೆಲ್ಮಾರನ ಅಡುಗೆಮನೆಯ ಮೇಜಿನ ಮೇಲೆ ಆ ತೋಟಾದ ಗುಂಡು ಕಿತ್ತು ಮದ್ದನ್ನು ಬಿಳಿ ಕಾಗದಕ್ಕೆ ಸುರಿದರು. ಪಕ್ಕದಲ್ಲಿ, ಇನ್ನೂ ಮುದ್ರೆ ಒಡೆಯದಿದ್ದ, ಅದೇ ರೈಫಲ್ ಮದ್ದಿನ ಎರಡನೇ ದೊಡ್ಡ ಡಬ್ಬಿ ತೆರೆದು ಅದರಿಂದ ಒಂದು ಚಿಟಿಕೆ. ಭೂತಗನ್ನಡಿ ಹಿಡಿದರೆ ರೈಫಲ್ಲಿನ ಮದ್ದು ಸಾಸಿವೆಯಂತೆ, ಪಿಸ್ತೂಲಿನದು ಗಸಗಸೆಯಂತೆ. ಓರಿನ್ ತೋಟಾದಲ್ಲಿದ್ದದ್ದು ಬಹುಪಾಲು ಗಸಗಸೆ.

ಆರ್ಡಿಸ್ ಕಾಫಿ ಇಡಲು ಬಂದವಳು ಬಗ್ಗಿ ನೋಡಿದಳು. "ಇದು ಸೋಮವಾರ ಗಾಜಿನಲ್ಲಿ ಬಿಟ್ಟು ಹೋಗಿದ್ಯಲ್ಲ, ಅದಾ?"

ಇಬ್ಬರೂ ಅವಳ ಕಡೆ ತಿರುಗಿದರು.

"ಪಕ್ಕದವರ ಹಸು ರಸ್ತೆಗೆ ಬಂತು ಅಂತ ಫೋನ್ ಬಂದು ಓಡಿ ಹೋದ್ಯಲ್ಲ. ಯಂತ್ರದ ಗಾಜಲ್ಲಿ ಅರ್ಧಕ್ಕರ್ಧ ಮದ್ದು. ಉಳೀಬಾರದು ಅಂತ ಬಡ್ಕೊಳ್ಳೋನು ನೀನೇ, ಅದಕ್ಕೆ ನಾನೇ ಡಬ್ಬಿಗೆ ಸುರಿದು ಕಪಾಟಲ್ಲಿ ಇಟ್ಟೆ."

"ಯಾವ ಡಬ್ಬಿಗೆ?" ಡೆಲ್ಮಾರ್ ಕೇಳಿದ.

"ಮೇಜಿನ ಮೇಲಿದ್ದದ್ದಕ್ಕೆ. ಒಂದೇ ಇತ್ತು. ಒಂದೇ ಇರ್ಬೇಕು ಅಂತ ಮದುವೆ ಆದಾಗಿಂದ ಹೇಳಿರೋದೂ ನೀನೇ."

ನೆನಪಾಯಿತು. ಸೋಮವಾರ ಪಿಸ್ತೂಲಿನ ತೋಟಾ ತುಂಬುತ್ತಿದ್ದವನು, ಗಾಜು ಖಾಲಿ ಮಾಡುವ ಮೊದಲೇ ಪಿಸ್ತೂಲಿನ ಡಬ್ಬಿಯನ್ನು ಒಳಗಿಟ್ಟು, ಮುಂದಿನ ಕೆಲಸಕ್ಕೆ ಅಂತ ರೈಫಲ್ಲಿನ ದೊಡ್ಡ ಡಬ್ಬಿ ಹೊರಗಿಟ್ಟಿದ್ದ. ತಿರುಗಿ ಬಂದಾಗ ಮೇಜು ಚೊಕ್ಕವಾಗಿತ್ತು, ತಾನೇ ಮಾಡಿದ್ದಿರಬೇಕು ಅಂದುಕೊಂಡಿದ್ದ. ಅವಳು ಕಟ್ಟಳೆ ಪಾಲಿಸಿದ್ದಳು, ಮುರಿದವನು ಇವನು. ತನ್ನ ಪಿಸ್ತೂಲಿನ ಡಬ್ಬಿಯನ್ನು ಒಂದು ಸಲ ಎತ್ತಿ, ಅಲ್ಲಿ ಕಡಿಮೆಯಾಗಿರುವುದನ್ನು ನೋಡಿದ್ದರೆ ಸಾಕಿತ್ತು. ಊರವರನ್ನೆಲ್ಲ ಅನುಮಾನಿಸುವ ಪುಣ್ಯಾತ್ಮನಿಗೆ ಅದೊಂದು ಹೊಳೆಯಲಿಲ್ಲ.

ಓರಿನ್ ಕೈ ಚಾಚಿದ. "ಆ ಹತ್ತದ ತೋಟಾ ಕೊಡು."

"ಅದ್ಯಾಕೀಗ?"

"ಕೊಡು."

ಡೆಲ್ಮಾರ್ ಕೊಟ್ಟ. ಓರಿನ್ ಅದನ್ನು ತಿರುಗಿಸಿ ಬುಡ ನೋಡಿದ, ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಏನೂ ಸದ್ದಿಲ್ಲ.

"ಸತ್ತ ಕೇಪು. ಮದ್ದೇ ಇಲ್ಲ." ತೋಟಾವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ. "ಅಂದ್ರೆ ಆ ಡಬ್ಬಿಲಿ ವಿಷ ಇದೆ ಅಂತ ನಿನಗೆ ನಿನ್ನೆನೇ ಗೊತ್ತಿತ್ತು. ಅದರಿಂದ ತುಂಬಿದ ಪೆಟ್ಟಿಗೆ ನನ್ ಹತ್ರ ಇದೆ ಅಂತಾನೂ ಗೊತ್ತಿತ್ತು."

"ನೀನೇ ಬೆರೆಸಿದ್ದೀಯ ಅಂದ್ಕೊಂಡೆ ಕಣೋ. ತಪ್ಪಾಯ್ತು."

"ಕಳ್ಳ ಅಂದ್ಕೊಂಡ್ಯಲ್ಲ, ಅದು ಹೋಗ್ಲಿ. ಕಾಫಿ ಕುಡಿಯುವಾಗ ಮುಖಕ್ಕೇ ಕೇಳಿದ್ರೆ ಆಗ್ತಿರ್ಲಿಲ್ವಾ? ಮದ್ದಿಗೆ ಮರದ ಕಪಾಟು ಮಾಡಿದೆ, ಅನುಮಾನಾನ ತಿಜೋರಿಲಿ ಇಟ್ಟೆ."

ಡೆಲ್ಮಾರನಿಗೆ ಅಳು ಬಂತು, ಅತ್ತ. ಆರ್ಡಿಸ್ ಕೈ ಬಾಯಿಗೆ ಹಿಡಿದು ನಿಂತಿದ್ದಳು.

ಓರಿನ್ ಜೇಬಿನಿಂದ ಶೆಡ್ಡಿನ ಕೀಲಿ ತೆಗೆದು ಆ ಖಾಲಿ ತೋಟಾದ ಪಕ್ಕ ಇಟ್ಟ. ಬುಧವಾರದ ಪೆಟ್ಟಿಗೆಯನ್ನು ಡೆಲ್ಮಾರನ ಮುಂದಕ್ಕೆ ತಳ್ಳಿದ. "ಎಲ್ಲಾ ಬಿಚ್ಚಿಬಿಡು, ಒಂದೂ ಉಳೀಬಾರದು" ಅಂದ. ಆರ್ಡಿಸ್‌ಗೆ ಪೈ ತಟ್ಟೆ ಆಮೇಲೆ ಕಳಿಸು ಅಂತ ಹೇಳಿ ಹೊರಟ.

ಬೆರಕೆ ಮದ್ದನ್ನು ಇಡಬಾರದು, ಇನ್ನೊಬ್ಬರಿಗೆ ಕೊಡಬಾರದು. ಹುಲ್ಲಿನ ಮೇಲೆ ತೆಳ್ಳಗೆ ಎರಚಿದರೆ ಗೊಬ್ಬರವಾಗುತ್ತದೆ. ಭಾನುವಾರ ಬೆಳಗ್ಗೆ ಊರಿನ ಪಿಕಪ್ಪುಗಳೆಲ್ಲ ಬೆಟ್ಟದ ಕಡೆ ಹೋಗುತ್ತಿದ್ದಾಗ ಡೆಲ್ಮಾರ್ ಡಬ್ಬಿ ಹಿಡಿದು ಹಿತ್ತಲಲ್ಲಿ ಮದ್ದು ಎರಚುತ್ತಿದ್ದ. ಓರಿನ್ನನ ಪಿಕಪ್ಪೂ ಹೋಯಿತು. ಪ್ರತಿ ವರ್ಷ ಡೆಲ್ಮಾರ್ ಕೂರುತ್ತಿದ್ದ ಪಕ್ಕದ ಸೀಟಿನಲ್ಲಿ ಈ ಸಲ ಅಳಿಯ ಕೂತಿದ್ದ.