ಒಪ್ಪಿದ್ದು ಯಾವುದಕ್ಕೆ?

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಖಲಂದರ ಅವರದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅವರ ಮಗಳು ಹೀನಾ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಬೀಜದ ಕಂಪನಿಯವರು, ಕಲ್ಯಾಣಮಂಟಪದವರು, ಗಿರಾಕಿಗಳೆಲ್ಲ ಸುತ್ತಲಿನವರೇ. ಮಾಡಿದ ಪ್ರತಿ ವೆಬ್‌ಸೈಟಿನ ಕೆಳಗೆ ತನ್ನ ಹೆಸರು ಬರೆಯುತ್ತಿದ್ದಳು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಶಿಕಾಂತ ಆಕೆಗೆ ಹೊಸ ಥರದ ಕೆಲಸ ತಂದ. ಆನ್‌ಲೈನ್ ಮಾರಾಟ ಮಾಡಬೇಕು, ಗಿರಾಕಿಗಳು ಕ್ರಿಪ್ಟೊ ನಾಣ್ಯದಲ್ಲೂ ಹಣ ಕೊಡುವಂತಿರಬೇಕು. ಅಂಥ ನಾಣ್ಯವನ್ನು ಜನ ಫೋನಿನೊಳಗಿನ ವಾಲೆಟ್ ಆ್ಯಪಿನಲ್ಲಿ ಇಟ್ಟಿರುತ್ತಾರೆ. ವೆಬ್‌ಸೈಟು ವಾಲೆಟ್ಟಿಗೆ ಕೋರಿಕೆ ಕಳಿಸುತ್ತದೆ, ವಾಲೆಟ್ಟು ಅದನ್ನು ಮಾಲೀಕನಿಗೆ ತೋರಿಸುತ್ತದೆ, ಅವನು ಒಪ್ಪಿದರೆ ಕೆಲಸ ಆಗುತ್ತದೆ. ಹೀನಾ ಮೂರು ವಾರ ಕೂತು ಈ ಜೋಡಣೆಯ ಕೋಡ್ ಬರೆದಳು. ಮೊದಲು ಗಿರಾಕಿಯ ವಿಳಾಸ ಕೇಳುವುದು, ಆಮೇಲೆ ಕೊಂಡ ಮಾಲಿನ ಬೆಲೆಯಷ್ಟೇ ಕೇಳುವುದು. ಅದಕ್ಕಿಂತ ಹೆಚ್ಚಿನದನ್ನು ಕೇಳದಂತೆ ನೋಡಿಕೊಂಡು, ವೆಬ್‌ಸೈಟಿನ ಪಾಸ್‌ವರ್ಡನ್ನು ಶಶಿಕಾಂತನಿಗೆ ಒಪ್ಪಿಸಿ ಬಂದಳು.

ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ ಐರಣಿಯ ದುರುಗೇಶ ಮೆಟ್ಟಿಲು ಹತ್ತಿ ಬಂದ. ಅವನು ಹೊರದೇಶದ ಕಂಪನಿಗಳ ವಿಡಿಯೊ ಆಟಗಳಿಗೆ ಚಿತ್ರ ಬರೆದುಕೊಡುವವನು. ಅವರು ಕೂಲಿಯನ್ನು ಕ್ರಿಪ್ಟೊದಲ್ಲೇ ಕಳಿಸುತ್ತಿದ್ದರು.

"ಹೀನಾ ಅಂದ್ರ ನೀವೇನ್ರಿ?"

"ಹೌದ್ರಿ. ಕುಂದ್ರಿ."

"ಕುಂದ್ರಾಕ ಬಂದಿಲ್ರಿ. ಐದು ಕಿಲೋ ಮೆಣಸಿನಕಾಯಿ ತಗೊಂಡೆ, ಎರಡು ವರ್ಷದ ದುಡಿಮಿ ಹೋತು. ನಮ್ಮ ಕಡಿಯವರ ಹೆಸರೈತಿ ಅಂತ ನಂಬಿ ಒತ್ತೀನ್ರಿ ನಾ!"

ಹೀನಾ ಅವನ ಫೋನು ಇಸಿದುಕೊಂಡು ನೋಡಿದಳು. ಅವನ ವಾಲೆಟ್ಟಿನಿಂದ ಯಾವಾಗ ಬೇಕಾದರೂ ಎಷ್ಟು ಬೇಕಾದರೂ ತೆಗೆಯಬಹುದೆಂಬ ಅನುಮತಿ ಅಲ್ಲಿ ದಾಖಲಾಗಿತ್ತು. ಲ್ಯಾಪ್‌ಟಾಪಿನಲ್ಲಿ ವೆಬ್‌ಸೈಟ್ ತೆರೆದು ನೋಡಿದರೆ, ಆಕೆಯ ಕೋಡಿನಲ್ಲಿ ಯಾರೋ ಒಂದೇ ಕಡೆ ತಿದ್ದಿ, ಬೆಲೆಯ ಜಾಗದಲ್ಲಿ ಮಿತಿಯಿಲ್ಲದ ಮೊತ್ತ ಹಾಕಿದ್ದರು.

"ಇದು ನಾ ಬರದದ್ದಲ್ರಿ," ಎಂದಳು. ಅಂದ ಕೂಡಲೇ ಆ ಮಾತಿಗೆ ತನಗೇ ನಾಚಿಕೆಯಾಯಿತು. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, "ನಡೀರಿ ಬ್ಯಾಡಗಿಗೆ," ಎಂದು ಎದ್ದಳು.

ಶಶಿಕಾಂತ ಅಂಗಡಿಯಲ್ಲೇ ಇದ್ದ. "ಬಾರವಾ ಹೀನಾ, ಚಾ ತರಸ್ಲೇನು?"

"ಚಾ ಬ್ಯಾಡ್ರಿ ಸಾವಕಾರ್ರ. ನನ್ನ ಕೋಡ್ ಯಾರು ತಿದ್ಯಾರ?"

"ಪೂರಾ ರೊಕ್ಕಾ ಕೊಟ್ಟೇನಿ, ವೆಬ್‌ಸೈಟ್ ನಂದು. ತಿಳದವರ ಕಡಿಂದ ತಿದ್ದಿಸೇನಿ. ಯಾರ ಕೈ ಹಿಡದು ಒತ್ತಿಸೇನಿ? ಫೋನಿನಾಗ ಬರದಿರತದ, ಓದಿ ಒಪ್ಯಾರ."

ಹೀನಾಳ ದನಿ ಏರಿತು. "ಏನಕ್ಕ ಒಪ್ಯಾರ? ಐದು ಕಿಲೋ ಮೆಣಸಿನಕಾಯಿಗೆ ಒಪ್ಯಾರ! ಮನಿ ಬಳಕೊಂಡು ಹೋಗ್ರಿ ಅಂತ ಒಪ್ಯಾರೇನ್ರಿ? ಇಂಗ್ಲಿಷಿನ ಆ ಸಣ್ಣ ಅಕ್ಷರ ಯಾರೂ ಓದಂಗಿಲ್ಲ ಅಂತ ಗೊತ್ತಿದ್ದ ಮಾಡೀರಿ!"

"ಕೆಳಗ ನಿನ್ನ ಹೆಸರೈತಿ, ನೆನಪಿಟ್ಕೋ. ಪೊಲೀಸರು ಮೊದಲ ನಿನ್ನ ಕರೀತಾರ."

"ಕರೀಲಿ. ನಾನ ಹೊಂಟೇನಿ."

ಆದರೆ ಠಾಣೆಗೆ ಹೋಗುವುದಕ್ಕೂ ಮುಂಚೆ ಇನ್ನೊಂದು ಕೆಲಸವಿತ್ತು. ವೆಬ್‌ಸೈಟ್ ಶುರುವಾದ ದಿನ ವಾಲೆಟ್ ಜೋಡಿಸಿದವರಿಗೆಲ್ಲ ಶಶಿಕಾಂತ ಖಾರದಪುಡಿಯ ಪೊಟ್ಟಣ ಪುಕ್ಕಟೆ ಹಂಚಿದ್ದ. ಅವರಲ್ಲಿ ಆಮೇಲೆ ಮಾಲು ಕೊಂಡವರ ವಾಲೆಟ್ಟುಗಳಿಗೂ ಇದೇ ಗತಿ ಕಾದಿತ್ತು. ಹೀನಾ ಅವನ ಅಂಗಡಿಯ ಎದುರಿಗಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: "ಶಶಿಕಾಂತರ ವೆಬ್‌ಸೈಟಿಗೆ ವಾಲೆಟ್ ಜೋಡಿಸಿದವರು ಬರ್ರಿ. ಕೊಟ್ಟ ಅನುಮತಿ ರದ್ದು ಮಾಡಿಕೊಡುತ್ತೇನೆ." ದುರುಗೇಶ ಅದರ ಫೋಟೊ ತೆಗೆದು ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದ.

ಸಂಜೆಯೊಳಗೆ ಹದಿನಾಲ್ಕು ಜನ ಬಂದರು. ದುರುಗೇಶನೂ ಸೇರಿ ಐವರ ವಾಲೆಟ್ಟು ಆಗಲೇ ಖಾಲಿಯಾಗಿತ್ತು. ಕಾಗಿನೆಲೆಯ ಶಿಕ್ಷಕಿ ಪುಷ್ಪಲತಾ ಬಸ್ಸಿಳಿದು ಓಡಿಬಂದರು. ದುಬೈಯಲ್ಲಿರುವ ತಮ್ಮ ಕಳಿಸಿದ್ದೆಲ್ಲ ಅವರ ವಾಲೆಟ್ಟಿನಲ್ಲಿ ಹಾಗೇ ಇತ್ತು. ಅನುಮತಿ ರದ್ದಾಯಿತೆಂದು ಹೀನಾ ಹೇಳಿದಾಗ ಅವರು ಬೆಂಚಿನ ಮೇಲೆ ಕುಸಿದು ಕೂತು, "ನಾ ಓದಿಸೋಕಿ, ನಾನ ಓದದ ಒತ್ತೀನಲ್ರಿ," ಎಂದು ಅತ್ತರು.

"ತಪ್ಪು ನಿಮ್ದಲ್ರಿ ಟೀಚರ್," ಎಂದಳು ಹೀನಾ, ಎದುರಿನ ಅಂಗಡಿಗೂ ಕೇಳುವಷ್ಟು ಗಟ್ಟಿಯಾಗಿ.

ಖಲಂದರ ಅವರಿಗೆ ಹೆದರಿಕೆ. "ದೊಡ್ಡವರ ಗೊಡವಿ ಬ್ಯಾಡ ಬೇಟಿ," ಎಂದರು. ಮರುದಿನ ಹೀನಾ, ದುರುಗೇಶ ದೂರು ಕೊಡಲು ಹಾವೇರಿಯ ಸೈಬರ್ ಠಾಣೆಗೆ ಹೊರಟಾಗ ಮಾತ್ರ ಮಗಳ ಜೊತೆ ತಾವೂ ಬಸ್ಸು ಹತ್ತಿದರು. ಅಲ್ಲಿ ಅಧಿಕಾರಿ, "ಕೋಡ್ ಬರದವರು ನೀವ ಅಂದ್ರ ನಿಮ್ಮನ್ನೂ ವಿಚಾರಿಸಬೇಕಾಗ್ತದ," ಎಂದರು. ತಾನು ಬರೆದ ಮೂಲ ಕೋಡು, ಅದನ್ನು ಒಪ್ಪಿಸಿದ ದಿನಾಂಕ, ಆಮೇಲೆ ಆದ ತಿದ್ದುಪಡಿ, ಎಲ್ಲವನ್ನೂ ಆಕೆ ಅವರ ಮುಂದಿಟ್ಟಳು. ಮೂರು ಸಲ ಕರೆಸಿ ಕೇಳಿದರು. ಮೂರು ಸಲವೂ ಹೋದಳು.

ವೆಬ್‌ಸೈಟ್ ಮುಚ್ಚಿತು. ಶಶಿಕಾಂತನ ಬಂಧನವಾಯಿತು, ಹತ್ತೇ ದಿನದಲ್ಲಿ ಜಾಮೀನೂ ಸಿಕ್ಕಿತು. ದುರುಗೇಶನ ಹಣ ಇನ್ನೂ ಬಂದಿಲ್ಲ.

ಮೊನ್ನೆ ಹಾವೇರಿ ಕೋರ್ಟಿನ ಆವರಣದಲ್ಲಿ ದುರುಗೇಶ ಹೀನಾಳ ಹತ್ತಿರ ಬಂದು, "ಶಶಿಕಾಂತನ ವಕೀಲರು ಸಿಕ್ಕಿದ್ರು. ಅರ್ಧಾ ಕೊಡ್ತೀವಿ, ದೂರು ವಾಪಸ್ ತಗೋ ಅಂತಾರ," ಎಂದ.

"ನೀವೇನಂದ್ರಿ?"

"ಉಳದ ನಾಲ್ವರಿಗೆ ಏನ ಕೊಡ್ತೀರಿ ಅಂತ ಕೇಳೀನ್ರಿ. ಫೈಲ್ ಬಗಲಾಗ ಇಟ್ಕೊಂಡು ಹೋದ್ರು."

ಅಷ್ಟರಲ್ಲಿ ಒಳಗಿಂದ ಸಾಕ್ಷಿ ಹೇಳಲು ಅವನ ಹೆಸರು ಕೂಗಿದರು.