ಐದು ಕಾಳಿನ ಅವರೆಕಾಯಿ

ಎಡದ ಅಂಚಿನಲ್ಲಿ ಬಣ್ಣ ತುಸು ಹೆಚ್ಚಾಯಿತು, ಕೆಂಪು ಒಸರಿ ಕಾಯಿಯ ತೊಟ್ಟು ದಪ್ಪಗಾಯಿತು, ಇರಲಿ, ಒಣಗಿದರೆ ಗೊತ್ತಾಗುವುದಿಲ್ಲ, ಅಚ್ಚು ಎತ್ತು, ಬಣ್ಣದ ಗಾದಿಗೆ ಒತ್ತು, ಗುರುತಿಗೆ ಗುರುತು ಕೂಡಿಸಿ ಇಡು, ಮುಷ್ಟಿಯಿಂದ ಗುದ್ದು — ಧಪ್ — ಇನ್ನೊಂದು ಅವರೆಕಾಯಿ, ಕೆಂಪು ಸಿಪ್ಪೆ, ಒಳಗೆ ಸಾಲಾಗಿ ಐದು ಬಿಳಿ ಕಾಳು, ಸೀರೆಯ ತುಂಬ ಇದೇ ಕಾಯಿ. ಕೊಲ್ಹಾಪುರದ ಕಲಾಶಾಲೆಯ ಈ ಅಚ್ಚಿನ ಕೋಣೆಯಲ್ಲಿ ಹಣಮಂತ ಬೆಳಗಿನಿಂದ ಗುದ್ದುತ್ತಿದ್ದಾನೆ, ಗುದ್ದುವುದರಲ್ಲಿ ಒಂದು ಸುಖವಿದೆ, ಯಾರಿಗೂ ಹೇಳಿಲ್ಲ, ಪ್ರತಿ ಗುದ್ದೂ ಒಂದೇ ಮುಖದ ಮೇಲೆ ಬೀಳುತ್ತದೆ, ಅಪ್ಪನ ಮೂಗಿನ ಮೇಲೆ, ಹಲ್ಲಿನ ಮೇಲೆ, ಎಲಿಅಡಿಕೆ ತುಂಬಿದ ಆ ದವಡೆಯ ಮೇಲೆ — ಧಪ್ — ಆ ಅಪ್ಪ ಈಗ ಇಚಲಕರಂಜಿಯಿಂದ ಹೊರಟ ಎಸ್‌ಟಿ ಬಸ್ಸಿನಲ್ಲಿದ್ದಾನೆ. ಇನ್ನೊಂದು ತಾಸಿಗೆ ಬಾಗಿಲಲ್ಲಿ ನಿಂತಿರುತ್ತಾನೆ.

ಬರುವುದು ಈ ಸೀರೆಗೆ. ಗಡಹಿಂಗ್ಲಜದ ಅರಿವೆ ಅಂಗಡಿಯ ದುಂಡಪ್ಪ ಸಾವಕಾರರು ಹೋದ ವಾರ ಬಂದು, ಗೋಡೆಗೆ ತೂಗಿದ ಹುಡುಗರ ನಮೂನೆಗಳನ್ನೆಲ್ಲ ನೋಡುತ್ತ ಇದರ ಮುಂದೆ ನಿಂತುಬಿಟ್ಟರು, ಈ ಅವರಿಕಾಯಿ ಭಾಳ ಛಂದ ಐತ್ರಿ ಮಾಸ್ತರ, ಮುನ್ನೂರು ಸೀರಿ ಹಾಕಿಸಿ ಕೊಡ್ರಿ, ಹುಡುಗಗ ನಮ್ಮಲ್ಲೇ ಕೆಲಸಾ ಕೊಡೋಣು. ಕೃಷ್ಣಾತ ಮಾಸ್ತರರ ಎದೆ ಉಬ್ಬಿತು, ವರ್ಷವಿಡೀ ಅವರು ಹೇಳಿಕೊಟ್ಟ ಪಾಠ ಒಂದೇ, ನಿಸರ್ಗಾತೂನ ಘ್ಯಾ, ನಿಸರ್ಗ ನೋಡಿ ಬರಿ, ಆಮೇಲೆ ಬೇಡಾದ್ದು ಬಿಡು, ಬೇಕಾದ್ದಷ್ಟೇ ಉಳಿಸು. ಯಾವ ಹೊಲದ ಅವರಿ ತಮ್ಮಾ ಇದು ಅಂತ ಸಾವಕಾರರು ಕೇಳಿದ್ದಕ್ಕೆ ಹಣಮಂತ, ನಮ್ಮ ಕಬನೂರ ಕಡೇದ್ರಿ ಅಂದ. ಇಚಲಕರಂಜಿಯ ಮಗ್ಗುಲಿನ ಆ ಕಬನೂರಿನಲ್ಲಿ ಅವನ ಅಪ್ಪನಿಗೆ ಗೇಣು ಹೊಲವಿಲ್ಲ, ಹಗಲೆಲ್ಲ ಖಟಖಟ ಬಡಿಯುವ ನಾಲ್ಕು ಮಗ್ಗಗಳ ಮುಂದೆ ನಿಲ್ಲುವ ಪಾಳಿ ಮಾತ್ರ ಇದೆ, ಮತ್ತು ಮನೆಯ ಗೂಟಕ್ಕೆ ತೂಗುಬಿಟ್ಟ ಒಂದು ಪಟ್ಟಿ ಇದೆ, ಲಾಳಿಯನ್ನು ಆಚೀಚೆ ಒಗೆಯುವ ಕೋಲಿಗೆ ಬಿಗಿಯುವ ಚರ್ಮದ ಪಟ್ಟಿ, ಸವೆದದ್ದು, ತೂತಿನದು. ಅದು ಮೈಮೇಲೆ ಬಿದ್ದರೆ ಚರ್ಮ ತಾಗಿದಲ್ಲೆಲ್ಲ ಕೆಂಪಾಗುತ್ತದೆ, ತೂತಿದ್ದಲ್ಲಿ ಮಾತ್ರ ತೊಗಲು ಬಿಳಿಯಾಗಿ ದುಂಡಗೆ ಉಳಿಯುತ್ತದೆ. ಇಷ್ಟೇ ಅವರೆಕಾಯಿ.

ಅವನು ಅದನ್ನು ನೋಡಿದ್ದು ಕೊಯ್ನಾದ ಕಡೆ ನೆಲ ನಡುಗಿದ ಆ ನಸುಕಿನಲ್ಲಿ, ಹೋದ ಚಳಿಗಾಲದಲ್ಲಿ, ಗೋಡೆ ಅಲ್ಲಾಡಿ ಪಾತ್ರೆ ಉರುಳಿ ಇಡೀ ಓಣಿ ಹೊರಗೆ ಓಡಿ ಬಂದಿತ್ತು, ಬೆಳಕು ಹರಿದರೂ ಒಬ್ಬರೂ ಒಳಗೆ ಹೋಗಲಿಲ್ಲ, ಅವ್ವ ತಂಗೆವ್ವ ಮಣ್ಣಿನಲ್ಲಿ ಕೂತಿದ್ದಳು, ಸೆರಗು ಜಾರಿದ್ದು ಅವಳಿಗೇ ಗೊತ್ತಿರಲಿಲ್ಲ, ಕುಪ್ಪಸದ ಕೆಳಗೆ ಬರಿಯ ಬೆನ್ನು, ಹಿಂದಿನ ಸಂಜೆ ಸಾರು ಆರಿತ್ತು ಅನ್ನುವ ತಪ್ಪಿಗೆ ಬಿದ್ದದ್ದು, ಓರೆಯಾಗಿ ಕೆಂಪು, ಒಳಗೆ ಐದು ಬಿಳಿ — ನೋಡಬ್ಯಾಡ ಹಣಮಾ, ಆ ಕಡೆ ಮಾರಿ ಮಾಡು ಅಂದಳು ಅವ್ವ. ಹೊಡೆದವನು ಪಕ್ಕದಲ್ಲೇ ಕೂತು, ಭೂಮಿತಾಯಿಗೆ ಹೆದರಿ, ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ ಓಣಿಯವರು, ಇವರ ಮನೆಯಲ್ಲಿ ಉಂಡ ಮೇಲೂ ನಡೆಯುತ್ತಿತ್ತು, ಆ ಗಾದೆ ಕಟ್ಟಿದವನ ಗೂಟಕ್ಕೆ ಪಟ್ಟಿ ಇದ್ದಿರಲಿಕ್ಕಿಲ್ಲ. ಹನ್ನೆರಡನೇ ವಯಸ್ಸಿಗೆ ಅಡ್ಡ ಹೋದಾಗ ಅಪ್ಪ ಅವನನ್ನು ಕಾಲು ಹಿಡಿದೆತ್ತಿ ಹೊಸ್ತಿಲಿಗೆ ಅಪ್ಪಳಿಸಿದ್ದ, ಬಾಯಿ ತುಂಬ ರಕ್ತ, ಉಪ್ಪುಪ್ಪು, ಈಗಲೂ ನಾಲಿಗೆ ಆ ಮುರಿದ ಹಲ್ಲನ್ನು ಹುಡುಕಿ ಹೋಗುತ್ತದೆ. ಆದರೆ ಆ ನಸುಕಿನಲ್ಲಿ ಅವನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಹಾಳು ಕಣ್ಣು, ಎಷ್ಟು ಚೆಂದ ಕೂತಿವೆ ಐದೂ ಅಂದಿತ್ತು ಅದು, ನಾಚಿಕೆ ಬಂದದ್ದು ಆಮೇಲೆ, ಅದರ ಚಿತ್ರ ಬರೆದು ಮುಗಿಸಿದ ಮೇಲೆ.

ಧಪ್. ಮುನ್ನೂರು ಹೆಂಗಸರು ಉಡಲಿ, ಅವರಿಗದು ಅವರೆಕಾಯಿಯೇ, ಅವ್ವ ಮಾತ್ರ ಉಡಬಾರದು, ಅವಳಿಗೆ ಗೊತ್ತಾಗುತ್ತದೆ, ಮೊದಲ ನಿರಿಗೆ ಹಿಡಿಯುವಾಗಲೇ ಗೊತ್ತಾಗುತ್ತದೆ, ತನ್ನ ಬೆನ್ನನ್ನು ಮಗ ಬಜಾರಿಗೆ ಹಾಕಿದ ಅಂತ. ಅಪ್ಪ ಕಾಗದ ಬರೆಸಿದ್ದ, ಪಹಿಲೀ ಸೀರಿ ನಿಮ್ಮವ್ವಗ, ನಾನ ಬಂದು ಒಯ್ಯತೇನಿ. ಕೊಡುವುದಿಲ್ಲ. ಕೈ ಚಾಚಲಿ ನೋಡೋಣ, ಅಚ್ಚು ಕೊರೆಯುವ ಉಳಿ ಮಸೆದಿಟ್ಟಿದ್ದಾನೆ, ನಿನ್ನೆ ಇಡೀ ಸಂಜೆ ಕಲ್ಲಿಗೆ ಎಣ್ಣೆ ಹಾಕಿ ಮಸೆದದ್ದು, ಕಿವಿಯ ಕೆಳಗೆ, ಅಲ್ಲಿ ನರ ಮೆತ್ತಗಿರುತ್ತದೆ, ಒಂದೇ ಸಲ, ಅಚ್ಚಿನ ಸಾಗವಾನಿಗಿಂತ ಸಲೀಸು. ಆಮೇಲೆ ಏನು ಎಂಬುದರ ಯೋಚನೆ ಅವನಿಗಿಲ್ಲ.

ಬಂದ. ಅಪ್ಪ ಭರಮಪ್ಪ ಬಂದೇಬಿಟ್ಟ, ಚಪ್ಪಲಿ ಹೊರಗೇ ಬಿಟ್ಟು, ಕೂದಲಲ್ಲಿ ಹತ್ತಿಯ ಧೂಳು, ಮಾಸ್ತರರಿಗೆ ಬಗ್ಗಿ ಕೈಮುಗಿದ, ಇಷ್ಟು ಸಣ್ಣವನೇ ಈ ಮನುಷ್ಯ. ಮುಲಗಾ ಫಾರ ಹುಶಾರ ಆಹೇ, ಭಾಳ ಶಾಣ್ಯಾ, ನಿಮ್ಮ ಮಗ ಹೆಸರು ತರತಾನ ಅಂತ ಮಾಸ್ತರರು ಬೆನ್ನು ತಟ್ಟಿ, ಚಹಾ ಹೇಳಲು ಹೊರಗೆ ಹೋದರು. ಅಪ್ಪ ಮೇಜಿನ ಹತ್ತಿರ ಬಂದ, ಸೀರೆಯ ಮೇಲೆ ಬಗ್ಗಿದ, ಬೆರಳಿನಿಂದ ಒಂದು ಕಾಯಿ ಸವರಿದ, ಇನ್ನೊಂದನ್ನು ಸವರಿದ, ಆಮೇಲೆ ಬೆರಳು ನಿಂತಿತು. ಹಣಮಂತನ ಕೈ ಉಳಿಯ ಹಿಡಿಯ ಮೇಲಿದೆ. ಇದು ಅವರಿ ಅಲ್ಲ ಅಂದ ಅಪ್ಪ, ಮೆಲ್ಲಗೆ, ಇದು ಪಟ್ಟಿ. ಹೌದು ಅಂದ ಹಣಮಂತ, ಈಗ, ಈಗಲೇ, ಕತ್ತು ಇಷ್ಟು ಬಗ್ಗಿದೆ — ಆರ ತೂತ ಇರತಾವ ಹಣಮ್ಯಾ, ನೀ ಐದ ತಗದಿ. ದನಿಯಲ್ಲಿ ಸಿಟ್ಟಿಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ, ನೇಯ್ದ ಅರಿವೆಯಲ್ಲಿ ಎಳೆ ತಪ್ಪಿದ್ದನ್ನು ತೋರಿಸುವವನ ದನಿ. ಅಚ್ಚನ್ನು ತಿರುವಿ ಕಾಯಿಯ ತುದಿಯಲ್ಲಿ ಹೆಬ್ಬೆರಳಿನ ಉಗುರು ಊರಿದ, ಇಲ್ಲಿ, ಇನ್ನೊಂದ ಕೊರಿ, ಹಂಗಾದ್ರ ಸರಿ ಆಗತೈತಿ.

ಅಪ್ಪನ ಕಿವಿಯ ಕೆಳಗೆ ನರ ಹೊಡೆದುಕೊಳ್ಳುತ್ತಿದೆ, ಉಳಿ ಎತ್ತಿದ್ದಾನೆ, ಎತ್ತಿದ್ದಾನೆ, ಆದರೆ ಕಣ್ಣು, ಆ ಹಾಳು ಕಣ್ಣು ಉಗುರು ಊರಿದ ಕಡೆಗೆ ಹೋಯಿತು, ಜಾಗ ಇದೆ ಅಲ್ಲಿ, ಅಪ್ಪ ಅಂದದ್ದು ಖರೆ, ಐದಕ್ಕೆ ಆ ತುದಿ ಖಾಲಿ ಹೊಡೆಯುತ್ತದೆ, ಆರಾದರೆ ತುಂಬುತ್ತದೆ, ಮುನ್ನೂರು ಸೀರೆಗೂ ತುಂಬುತ್ತದೆ — ಉಳಿ ಇಳಿಯಿತು, ಮರಕ್ಕೆ ಇಳಿಯಿತು, ಕೊಡತಿಯ ಮೂರು ಏಟು, ಚಕ್ಕೆ ಹಾರಿತು, ಗಾದಿ, ಗುರುತು, ಧಪ್. ಹಾಂ ಅಂದ ಅಪ್ಪ. ಆ ನಸುಕಿನಲ್ಲಿ ಕೆಂಪು ಗುರುತು ಕುಪ್ಪಸದ ಅಂಚಿನೊಳಗೆ ಹೋಗಿ ಕಾಣದಾಗಿತ್ತು, ಐದೇ ಅಂದುಕೊಂಡಿದ್ದ, ಒಳಗೆ ಇನ್ನೊಂದು ಇತ್ತು, ಅವ್ವ ಅಷ್ಟನ್ನಾದರೂ ಮುಚ್ಚಿಕೊಂಡಿದ್ದಳು, ಮಗನ ಕಣ್ಣಿಗೂ ಬೀಳದ ಹಾಗೆ, ಈಗ ಅರಿವೆಯ ಮೇಲೆ ಹಸಿ ಕೆಂಪಿನ ನಡುವೆ ಬಿಳಿಯಾಗಿ, ದುಂಡಗೆ, ಆರನೆಯ ಕಾಳು, ತಾನೇ ಕೊರೆದದ್ದು, ಆರನೆಯದು, ಬಿಳಿ, ಆರನೆಯ